ಗಾಳಕ್ಕೆ ಬಿದ್ದ ಕುಚ್ಚು ಮೀನು

ಇಪ್ಪತ್ತೆಂಟು ರೂಪಾಯಿ. ಒಂದು ಬಿದಿರು ಕೋಲಿಗೆ!

ನಗಬೇಡಿ. ಅರವತ್ತು ಹೇಳಿದ್ದನ್ನು ಇಪ್ಪತ್ತೆಂಟಕ್ಕೆ ಇಳಿಸಿದವನು ನಾನು. ಸ್ವದೇಶಕ್ಕೆ ಹೊರಟಿದ್ದ ಇಂಜಿನಿಯರ್ ದೊರೆಯೊಬ್ಬರ ಬಂಗಲೆಯಲ್ಲಿ ಸಾಮಾನಿನ ಮಾರಾಟವಿತ್ತು. ಅಗ್ರಹಾರದಲ್ಲಿ ನನ್ನದು ಹಳೇ ಸಾಮಾನಿನ ಅಂಗಡಿ ಎಂಬುದು ನಿಮಗೆ ಗೊತ್ತೇ ಇದೆ. ಇಂಥ ಮಾರಾಟಕ್ಕೆ ಕರೆಯದಿದ್ದರೂ ಹೋಗುತ್ತೇನೆ. ಬೀರು, ಕುರ್ಚಿ, ಗೋಡೆ ಗಡಿಯಾರ ಎಲ್ಲವನ್ನೂ ಬಿಟ್ಟು ಈ ಸಲ ಮೂಲೆಯಲ್ಲಿ ಒರಗಿಸಿಟ್ಟಿದ್ದ ಮೀನು ಹಿಡಿಯುವ ಕೋಲಿನ ಮುಂದೆ ನಿಂತೆ.

ದೊರೆಯ ಬಟ್ಲರ್ ಅರವತ್ತು ಅಂದ. ಕೋಲನ್ನು ಬಗ್ಗಿಸಿ ನೋಡಿ, ತುದಿ ಸವೆದಿದೆ ಅಂದೆ. (ಸವೆದಿರಲಿಲ್ಲ.) ದಾರ ಸುತ್ತುವ ರಾಟೆಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ಮುಖ ಸಿಂಡರಿಸಿದೆ. (ಬೆಣ್ಣೆಯ ಹಾಗೆ ತಿರುಗುತ್ತಿತ್ತು.) ಎರಡು ಸಲ ಗೇಟಿನವರೆಗೆ ಹೋಗಿ ಬಂದೆ. ಇಪ್ಪತ್ತೆಂಟಕ್ಕೆ ಮುಗಿಯಿತು. ಗಾಳಗಳ ತಗಡಿನ ಡಬ್ಬಿ, ಒಂದು ಇಂಗ್ಲಿಷ್ ಪುಸ್ತಕ ಮೇಲೆ ಹಾಕಿಸಿಕೊಂಡೆ.

ಮನೆಗೆ ತಂದರೆ ನನ್ನಾಕೆ ಕೋಲಿನ ಮೇಲೆ ಕೈಯಾಡಿಸಿ ನೋಡಿದಳು.

"ಏನ್ರೀ ಇದು?"

"ಇಂಗ್ಲಿಷ್ ಗಾಳ."

"ಬಿದಿರು ಕಣ್ರೀ ಇದು! ಸೀಳಿ, ಅಂಟಾಕಿ, ಬಣ್ಣ ಬಳ್ದವ್ರೆ. ಬಂಬೂ ಬಜಾರ್‌ನಾಗೆ ನಾಕಾಣೆ ಬಿಸಾಕಿದ್ರೆ ಇದ್ರಪ್ಪನಂಥದು ಬರ್ತಿತ್ತು. ಊರಿಗೆಲ್ಲ ವ್ಯಾಪಾರ ಹೇಳ್ಕೊಡೋರು ನೀವು!"

ಕೋಲನ್ನು ಬಾಗಿಲ ಹಿಂದೆ ಒರಗಿಸಿಟ್ಟೆ. ಮನೆಯಲ್ಲಿ ಬಾಣಂತಿ ಇದ್ದಾಗ ಜಗಳ ಎಬ್ಬಿಸಬಾರದು.

ಈ ಖರ್ಚಿಗೆ ಕಾರಣವೂ ಆ ಬಾಣಂತಿಯೇ. ಮಗಳು ಸರೋಜ ಚೊಚ್ಚಲ ಹೆರಿಗೆಗೆ ಬಂದವಳು. ಹೆಣ್ಣುಕೂಸು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಹೆರಿಗೆಯೇನೋ ಸುಸೂತ್ರ. ಕಷ್ಟ ಶುರುವಾದದ್ದು ಆಮೇಲೆ. ಮೆಣಸಿನ ಸಾರು ಸೇರದು. ಬೆಳ್ಳುಳ್ಳಿ ಕಂಡರೆ ಓಕರಿಕೆ. ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿದರೆ ತಲೆ ಆಚೆ ತಿರುಗಿಸುತ್ತಾಳೆ. ಎರಡು ತುತ್ತು, ಆಮೇಲೆ ತಟ್ಟೆ ತಳ್ಳುವುದು. ತಾಯಿ ತಿನ್ನದಿದ್ದರೆ ಹಾಲೆಲ್ಲಿಂದ ಬರಬೇಕು? ಹಾಲು ಸಾಲದಿದ್ದರೆ ಕೂಸು ಸುಮ್ಮನಿರುತ್ತದೆಯೇ? ಬೆಳಗಿನಿಂದ ಸಂಜೆವರೆಗೆ ಒಂದೇ ಸಮನೆ ಅಳು. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಆ ಅಳು ಕೇಳದ ಮನೆ ಇರಲಿಲ್ಲ. ಸಲಹೆ ಕೊಡದ ಮನೆಯೂ ಇರಲಿಲ್ಲ.

ನರ್ಸಮ್ಮ ಬಂದು ಕೂಸನ್ನು ಎತ್ತಿ ನೋಡಿ, "ತೂಕ ಏರ್ತಾ ಇಲ್ಲ. ಇನ್ನೊಂದು ವಾರ ಹೀಗೇ ಆದರೆ ಡಬ್ಬಿ ಹಾಲಿಗೆ ಹಾಕಬೇಕಾಗುತ್ತೆ ನೋಡಿ" ಎಂದರು. ಅವರು ಹೊಸಿಲು ದಾಟಿದ ಮೇಲೆ ಸರೋಜ ಗೋಡೆಯ ಕಡೆ ತಿರುಗಿ ಅತ್ತಳು. ಬೀರು ಗಡಿಯಾರ ಕೊಂಡು ಮಾರುವ ನನಗೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದು. ಬಾಗಿಲಲ್ಲಿ ನಿಂತು, "ಏನು ತಿನ್ತೀಯ ಹೇಳಮ್ಮ, ತರ್ತೀನಿ" ಅಂದೆ.

"ಕುಚ್ಚು ಮೀನಿನ ಸಾರಾದ್ರೆ ತಿಂತೀನೇನೋ ಅಪ್ಪಾ."

ಕುಚ್ಚು ಮೀನು ನೋಡದವರಿಗಾಗಿ ಹೇಳುತ್ತೇನೆ. ಹಾವಿನಂಥ ತಲೆ, ಕರಿ ಮೈ, ಬಾಯಿ ತುಂಬ ಹಲ್ಲು. ಆಗಾಗ ನೀರಿನ ಮೇಲಕ್ಕೆ ಬಂದು ಗಾಳಿ ಕುಡಿದು ಹೋಗುತ್ತದೆ. ಮಡಕೆಯಲ್ಲಿ ಬೊಗಸೆ ನೀರಿದ್ದರೂ ದಿನಗಟ್ಟಲೆ ಬದುಕಿರುತ್ತದೆ. ಬಾಣಂತಿಗೆ, ಕಾಯಿಲೆ ಬಿದ್ದು ಎದ್ದವರಿಗೆ ಇದರ ಸಾರು ಕೊಡುವುದು ನಮ್ಮ ಮನೆಗಳ ವಾಡಿಕೆ. ಆದರೆ ಮೀನು ಜೀವಂತವಾಗಿ ಮನೆ ಬಾಗಿಲಿಗೆ ಬರಬೇಕು. ಸತ್ತದ್ದು ತಂದರೆ ನನ್ನಾಕೆ ಒಲೆಯ ಹತ್ತಿರವೂ ಸೇರಿಸುವುದಿಲ್ಲ.

ಮೂರು ದಿನ ಮೀನು ಮಾರ್ಕೆಟ್ಟಿಗೆ ಹೋದೆ. ಇಲ್ಲ. ಮೂರನೇ ದಿನ ಮೀನು ಮಾರುವ ಹೆಂಗಸು ಬೇಸತ್ತು ಹೇಳಿದಳು:

"ಎಷ್ಟು ಕಿತಾ ಬತ್ತೀರಿ ಸ್ವಾಮಿ? ಅದು ಬಲೆಗೆ ಬೀಳೋ ಜಾತಿ ಅಲ್ಲ. ಬಲೆ ಕಂಡ್ರೆ ಕೆಸರೊಳಕ್ಕೆ ಓಯ್ತದೆ. ಗಾಳಕ್ಕೇ ಬೀಳ್ಬೇಕು. ಮಳೆ ಸುರುವಾದ್ಮೇಲೆ ನಮ್ಮೋರು ಅದ್ಕೆ ಗಾಳ ಆಕಲ್ಲ."

"ಯಾಕೆ ಹಾಕಲ್ಲ?"

"ಆಕಲ್ಲ, ಅಷ್ಟೇಯ."

ಇದೆಂಥ ವ್ಯಾಪಾರ ಹೇಳಿ! ಗಿರಾಕಿ ದುಡ್ಡು ಹಿಡಿದು ನಿಂತಿದ್ದಾನೆ. ಸರಕು ಕೆರೆಯಲ್ಲಿದೆ. ನಡುವೆ ಇರುವವರು ಹಾಕಲ್ಲ ಅನ್ನುತ್ತಾರೆ. ಹಳ್ಳಿಯಿಂದ ಒಂದು ಟ್ರಂಕು ಹೊತ್ತುಕೊಂಡು ಈ ಊರಿಗೆ ಬಂದಾಗಿನಿಂದ ನಾನು ಕಲಿತದ್ದು ಒಂದೇ: ನಡುವಿನವನು ಕೈಕೊಟ್ಟರೆ ಸರಕು ಇರುವಲ್ಲಿಗೆ ನೀನೇ ಹೋಗು. ಅದಕ್ಕೇ ಆ ಕೋಲು. ಅದಕ್ಕೇ ಇಪ್ಪತ್ತೆಂಟು ರೂಪಾಯಿ.

ಪುಸ್ತಕವನ್ನು ರಾತ್ರಿ ಕೂತು ಓದಿದೆ. (ನನ್ನ ಇಂಗ್ಲಿಷ್ ರಸೀದಿ ಓದುವಷ್ಟು. ಚಿತ್ರಗಳು ಚೆನ್ನಾಗಿದ್ದವು.) ಅದನ್ನು ಬರೆದ ದೊರೆ ಯಾವುದೋ ಚಳಿ ದೇಶದ ಕೆರೆಗಳಲ್ಲಿ ಪೈಕ್, ಬಾಸ್, ವಾಲೈ ಎಂಬ ಮೀನುಗಳನ್ನು ಹಿಡಿಯುತ್ತಿದ್ದರಂತೆ. ಪೈಕಿನ ಚಿತ್ರ ನೋಡಿ ಖುಷಿಯಾಯಿತು. ಉದ್ದ ಮೈ, ಚಪ್ಪಟೆ ಮೂತಿ, ಗರಗಸದಂಥ ಹಲ್ಲು. ನಮ್ಮ ಕುಚ್ಚು ಮೀನಿನ ದಾಯಾದಿಯ ಹಾಗೇ ಇತ್ತು. ಅದಕ್ಕೆ ಹುಳು ಬೇಡ, ಕಪ್ಪೆ ಬೇಡ. ಹಿತ್ತಾಳೆಯ ಚಮಚದಂಥ ಒಂದು ಬಿಲ್ಲೆ ಎಸೆದು ಎಳೆದರೆ ಅದು ನೀರಿನಲ್ಲಿ ಮಿನುಗುತ್ತದೆ, ಮೀನು ಬಂದು ಕಚ್ಚುತ್ತದೆ. ಅಂಥ ಬಿಲ್ಲೆ ತಗಡಿನ ಡಬ್ಬಿಯಲ್ಲೇ ಇತ್ತು. ದಿನಾ ಹುಳು ಅಗೆಯುವ ಕೆಲಸವಿಲ್ಲ. ನನಗೆ ಹಿಡಿಸಿತು.

ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿತ್ತು. ಕೆರೆಯ ದಂಡೆಯಲ್ಲಿ ಸಂಪೂರ್ಣ ಮೌನ ಇರಬೇಕಂತೆ.

ಮೌನ! ಮೈಸೂರಿನಲ್ಲಿ!

ಕೆರೆಯ ಹೆಸರು ಹೇಳುವುದಿಲ್ಲ. (ಹೇಳಿದರೆ ನೀವೆಲ್ಲ ಬರುವ ಭಾನುವಾರ ಅಲ್ಲೇ ಇರುತ್ತೀರಿ.) ಊರಿಂದ ಮೂರು ಮೈಲಿ, ಸೈಕಲ್ಲಿನಲ್ಲಿ ಅರ್ಧ ಗಂಟೆ. ಹಿಂದಕ್ಕೆ ತೊಳೆದ ಸೀಮೆಎಣ್ಣೆ ಡಬ್ಬ ಕಟ್ಟಿಕೊಂಡು, ಕೋಲನ್ನು ಉದ್ದಕ್ಕೆ ಬಿಗಿದುಕೊಂಡು ಭಾನುವಾರ ಹೋದೆ. ಕೋಲು ಜೋಡಿಸಿ ಮುಗಿಯುವುದರೊಳಗೆ ಹಿಂದೆ ಏಳು ಜನ. ಒಬ್ಬರು ರಿಟೈರಾದ ಶಿರಸ್ತೇದಾರರು, ಕೈಯಲ್ಲಿ ಕೊಡೆ. ಜನ್ಮದಲ್ಲಿ ಮೀನು ಮುಟ್ಟಿದವರಲ್ಲ, ಅವರೇ ಹೇಳಿದರು. ಆದರೆ ಸಲಹೆಗೆ ಅದೇನು ಅಡ್ಡಿ?

"ಎಡಕ್ಕೆ ಎಸೀರಿ ಇವರೇ. ಅಲ್ಲಿ ಗುಳ್ಳೆ ಬರ್ತಾ ಇದೆ."

ಎಡಕ್ಕೆ ಎಸೆದೆ. ತಾವರೆ ದಂಟಿಗೆ ಸಿಕ್ಕಿತು.

"ಅಷ್ಟೊಂದು ಎಡಕ್ಕಲ್ಲ."

ಹೊಲದಿಂದ ಬಂದವನೊಬ್ಬ ಕೇಳಿದ: "ಮೀನೆಲ್ಲಾದ್ರೂ ಚಮಚ ತಿಂದಾತಾ ಬುದ್ಧೀ?" ಏಳು ಜನರೂ ನಕ್ಕರು. ಶಿರಸ್ತೇದಾರರು ಕೊಡೆಯನ್ನು ಊರಿಕೊಂಡು ನಕ್ಕರು. ಸಲಹೆ ಕೊಡುವುದು ತಪ್ಪಲ್ಲ, ನಾನೇ ಈ ಅಂಕಣದಲ್ಲಿ ವಾರವಾರ ಕೊಡುತ್ತೇನೆ. ಆದರೆ ನಾನು ತಿಳಿದದ್ದನ್ನು ಹೇಳುತ್ತೇನೆ. ಕೆರೆ ದಂಡೆಯಲ್ಲಿ ಗಾಳ ಹಿಡಿದವನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಮೀನಿನ ಮನಸ್ಸು ಗೊತ್ತಿರುತ್ತದಲ್ಲ, ಅದು ಹೇಗೆ?

ಆಗ ಬಂದವನು ನಿಂಗಯ್ಯ. ಬೆಸ್ತರ ಮುದುಕ. ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದಿದ್ದ ಕಂಟ್ರಾಕ್ಟರನ ಕಡೆಯ ಕಾವಲುಗಾರ.

"ಗಾಳಕ್ಕೆ ಎಂಟಾಣೆ ಆಯ್ತದೆ ಸ್ವಾಮಿ."

ನಯಾಪೈಸೆ ಬಂದು ವರ್ಷವಾದರೂ ನಮ್ಮೂರಿನ ಬಾಯಲ್ಲಿ ಆಣೆಯೇ. ನಾನು ಬಿಟ್ಟೇನೆ?

"ಮೀನು ಸಿಕ್ಕರೆ ಕೊಡ್ತೀನಿ. ಸಿಕ್ಕದಿದ್ದರೆ ಎಂಟಾಣೆ ಯಾತಕ್ಕೆ?"

ಅವನು ಹಿತ್ತಾಳೆ ಬಿಲ್ಲೆಯನ್ನು ನೋಡಿದ. ರಾಟೆಯನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. "ಆಯ್ತು ಬುಡಿ. ಸಿಕ್ರೇ ಕೊಡಿ" ಅಂದ. ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅವಮಾನವಾಗಬೇಕಿತ್ತು.

ಆ ದಿನ ಸಿಕ್ಕಿದ್ದು ತಾವರೆ ಎಲೆ. ಒಂದು ಹರಕು ಗೋಣಿಚೀಲ. ಮನೆಗೆ ಹೋದರೆ ಸರೋಜ ಡಬ್ಬದ ಕಡೆ ನೋಡಿದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಸಿಕ್ಕಿತೇ ಎಂದು ಕೇಳಿದ್ದರೇ ವಾಸಿಯಿತ್ತು.

ಮಂಗಳವಾರ ಅಂಗಡಿ ಬಾಗಿಲು ಹಾಕಿ ಮತ್ತೆ ಹೋದೆ. (ಅಂಗಡಿಯ ರಜೆ ಭಾನುವಾರ. ಮಂಗಳವಾರ ಬಾಗಿಲು ಹಾಕಿದ್ದು ಇದೇ ಮೊದಲು.) ಬೆಳಗ್ಗೆ ಕೂಸು ಅತ್ತೂ ಅತ್ತೂ ದನಿ ಬಿದ್ದು, ಬಾಯಿ ತೆರೆದರೆ ಸದ್ದೇ ಬರುತ್ತಿರಲಿಲ್ಲ. ಆ ಮುಖವನ್ನು ನೋಡಿಕೊಂಡು ಗಿರಾಕಿಯ ಹತ್ತಿರ ಕುರ್ಚಿಯ ಗುಣ ವರ್ಣಿಸುವುದು ಹೇಗೆ?

ಕೆಲಸದ ದಿನವಾದ್ದರಿಂದ ದಂಡೆಯಲ್ಲಿ ಯಾರೂ ಇರಲಿಲ್ಲ. (ಶಿರಸ್ತೇದಾರರು ಇದ್ದರು. ಪಿಂಚಣಿಯವರಿಗೆ ವಾರವೆಂಬುದಿಲ್ಲ.) ತಾವರೆ ಎಲೆಗಳ ಅಂಚಿನಲ್ಲಿ, ಹತ್ತು ಗಜ ಆಚೆ, ನೀರಿನ ಮೇಲೆ ಏನೋ ಕೆಂಪು ಕಾಣಿಸಿತು. ಮೊರದಗಲ. ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ. ಕುದಿಯುವ ನೀರಿನಂತೆ ಅದು ಮಿಸುಕುತ್ತಿತ್ತು, ನಿಧಾನವಾಗಿ ಸರಿಯುತ್ತಲೂ ಇತ್ತು. ಪಾಚಿ ಇರಬೇಕು ಅಂದುಕೊಂಡೆ. ಶಿರಸ್ತೇದಾರರು ಕೊಡೆ ತೋರಿಸಿ, "ಅಲ್ಲಿಗೇ ಎಸೀರಿ" ಅಂದರು. ಜೀವನದಲ್ಲಿ ಮೊದಲ ಸಲ ಅವರ ಸಲಹೆ ಫಲಿಸಿತು.

ಬಿಲ್ಲೆ ಆ ಕೆಂಪಿನ ಪಕ್ಕದಲ್ಲಿ ಬಿತ್ತು. ಎರಡು ಸುತ್ತು ಸುತ್ತಿದೆನೋ ಇಲ್ಲವೋ, ನೀರು ಒಡೆದು ಹೋಯಿತು. ಕೋಲು ಬಿಲ್ಲಿನಂತೆ ಬಗ್ಗಿತು. ರಾಟೆ ಕಿರುಚಿತು. ನಾನೂ ಕಿರುಚಿದೆ. ಪಂಚೆ ನೆನೆದು, ಒಂದು ಚಪ್ಪಲಿ ಕೆಸರಿಗೆ ಕೊಟ್ಟು, ಹತ್ತು ನಿಮಿಷ ಎಳೆದಾಡಿ ದಂಡೆಗೆ ತಂದೆ. ಮೊಳಕ್ಕೂ ಉದ್ದದ ಕುಚ್ಚು ಮೀನು! ಮೈ ಸುತ್ತಿಕೊಂಡು ಡಬ್ಬದೊಳಗೆ ಧಡ್ ಧಡ್ ಎಂದು ಹೊಡೆಯುತ್ತಿತ್ತು. ಇಪ್ಪತ್ತೆಂಟು ರೂಪಾಯಿ ಅಲ್ಲೇ ವಸೂಲಾಯಿತು ಅನ್ನಿಸಿತು.

ನಿಂಗಯ್ಯ ತೂಬಿನ ಕಡೆಯಿಂದ ಓಡಿಬಂದ. ಎಂಟಾಣೆಗೆ ಓಡಿಬಂದ ಅಂದುಕೊಂಡೆ. ಅವನು ಡಬ್ಬವನ್ನು ನೋಡಲಿಲ್ಲ, ನೀರನ್ನು ನೋಡಿದ.

"ಬುಡಿ ಸ್ವಾಮಿ ಅದ್ನ. ಬಿರ್ರನೆ ಬುಡಿ."

"ಯಾಕೆ ಬಿಡಲಿ? ಮಾತಾಗಿದೆ ನಮ್ಮದು."

"ಮರಿ ಕಾಯ್ತಿದ್ದದ್ದು ಕಣ್ ಸ್ವಾಮಿ! ಆ ಕೆಂಪೆಲ್ಲ ಅದ್ರ ಮರಿ. ನಿಮ್ ಚಮಚಾನ ಅದು ಅಸಿವಿಗೆ ಕಚ್ಚಿಲ್ಲ, ಸಿಟ್ಟಿಗೆ ಕಚ್ಚೈತೆ. ಅತ್ರ ಬಂದದ್ದುಕ್ಕೆ ಕಚ್ಚೈತೆ. ಮಳೆಗಾಲದಾಗೆ ನಾವು ಅದ್ಕೆ ಗಾಳ ಆಕಲ್ಲ. ಅಲ್ನೋಡಿ."

ನೋಡಿದೆ. ಕೆಂಪಿನ ಅಂಚಿನಲ್ಲಿ ಟಪ್ ಎಂದು ಸದ್ದಾಯಿತು. ಮತ್ತೊಂದು ಕಡೆ ಟಪ್. ಕಾವಲು ಎದ್ದುಹೋದದ್ದು ಉಳಿದ ಮೀನುಗಳಿಗೆ ಆಗಲೇ ತಿಳಿದಿತ್ತು, ಮರಿಗಳನ್ನು ನುಂಗುತ್ತಿದ್ದವು. ಒಂದೊಂದು ಟಪ್ಪಿಗೂ ಆ ಕೆಂಪು ಒಂದೊಂದು ಬೆರಳು ಒಳಕ್ಕೆ ಸರಿಯುತ್ತಿತ್ತು.

"ನನ್ನ ಮಗಳು ಬಾಣಂತಿ ನಿಂಗಯ್ಯ. ಕೂಸಿಗೆ ಹಾಲಿಲ್ಲ."

"ಅಂಗಾ?" ಅವನು ತೂಬಿನ ಕಡೆ ತಿರುಗಿ ನೋಡಿದ. "ನನ್ ಮಡಕೇಲಿ ಒಂದೈತೆ. ಮೊನ್ನೆ ತೂಬಿನತ್ರ ಬಿದಿರಿನ ಕೂಳಿಗೆ ಬಿದ್ದದ್ದು, ಅದ್ಕೆ ಮರಿಗಿರಿ ಇಲ್ಲ. ಜೀವಾಗೈತೆ. ಅದ್ನ ತಕ್ಕೊಂಡೋಗಿ, ಇದ್ನ ಬುಡಿ."

ಮಡಕೆ ತಂದ. ಬಗ್ಗಿ ನೋಡಿದೆ. ಗೇಣಿಗಿಂತ ನಾಲ್ಕು ಬೆರಳು ಹೆಚ್ಚು, ಅಷ್ಟೇ.

ಈಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಚೌಕಾಸಿಗೆ ಶುರು ಮಾಡಿದೆ.

"ಇದು ಅರ್ಧವೂ ಇಲ್ಲವಲ್ಲಯ್ಯ! ಎರಡು ಕೊಡು."

ಟಪ್.

"ಒಂದೇ ಸ್ವಾಮಿ ಇರಾದು."

"ಹಾಗಾದರೆ ಇದರ ಜೊತೆಗೆ ನಾಲ್ಕು ಗೆಂಡೆ ಮೀನು ಹಾಕು."

ಟಪ್. ಟಪ್.

ಅವನು ಉತ್ತರ ಕೊಡುವುದನ್ನು ನಿಲ್ಲಿಸಿದ. ಬೆಲೆ ಹೇಳದವನ ಜೊತೆ ಚೌಕಾಸಿ ಮಾಡುವುದು ಹೇಗೆ? ನಾನು ಹಳೇ ಅಭ್ಯಾಸದಂತೆ ಡಬ್ಬ ಎತ್ತಿಕೊಂಡು ಸೈಕಲ್ಲಿನ ಕಡೆ ಎರಡು ಹೆಜ್ಜೆ ಹಾಕಿದೆ. ಹೀಗೆ ಹೊರಟರೆ ಎಂಥವನೂ ಹಿಂದಕ್ಕೆ ಕರೆಯುತ್ತಾನೆ. ಅವನು ಕರೆಯಲಿಲ್ಲ. ನೀರಿನ ಕಡೆಯಿಂದ ಮಾತ್ರ ಟಪ್ ಟಪ್ ಎಂದು ಕೇಳುತ್ತಿತ್ತು. ತಿರುಗಿ ನೋಡಿದರೆ ಮೊರದಗಲ ಇದ್ದದ್ದು ಊಟದ ತಟ್ಟೆಯಗಲ ಆಗಿತ್ತು. ಶಿರಸ್ತೇದಾರರೂ ಬಾಯಿ ಮುಚ್ಚಿಕೊಂಡಿದ್ದರು. ಪುಸ್ತಕದವನು ಬಯಸಿದ ಮೌನ ಕೊನೆಗೂ ಬಂದಿತ್ತು.

ಕಾಲು ಗಂಟೆ ಚೌಕಾಸಿ ಮಾಡಿದರೂ ಬೀರು ಕರಗುವುದಿಲ್ಲ. ಗಡಿಯಾರ ಸವೆಯುವುದಿಲ್ಲ. ಮಾತು ಮುಗಿಯುವವರೆಗೆ ಸರಕು ಇದ್ದಲ್ಲೇ ಇರುತ್ತದೆ ಎಂದು ನಂಬಿಕೊಂಡೇ ನಾನು ಇಪ್ಪತ್ತು ವರ್ಷ ಬದುಕಿದ್ದು. ಎಲ್ಲ ಸರಕೂ ಹಾಗಲ್ಲ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ? ಬೇಡದ್ದನ್ನೆಲ್ಲ ಹೇಳುವ ಊರು ಇದು!

ವಾಪಸು ಬಂದು ಮೊಣಕಾಲವರೆಗೆ ನೀರಿಗಿಳಿದು ಡಬ್ಬ ಬಗ್ಗಿಸಿದೆ. ಮೀನು ಒಂದು ಗಳಿಗೆ ಕಾಲ ಹತ್ತಿರವೇ ನಿಂತಿತ್ತು, ಕಿವಿರು ಆಡಿಸುತ್ತ. ನಾನು ಹೋಗು ಹೋಗು ಅಂದೆ. (ಮೀನಿಗೆ!) ಆಮೇಲೆ ಬಾಲದಿಂದ ನನ್ನ ಮುಖಕ್ಕೆ ನೀರು ಎರಚಿ ಹೊರಟುಹೋಯಿತು. ಸ್ವಲ್ಪ ಹೊತ್ತಿಗೆ ಟಪ್ ಸದ್ದು ನಿಂತಿತು. ತಟ್ಟೆಯಗಲದ ಕೆಂಪು ತಾವರೆ ಎಲೆಗಳ ಕೆಳಗೆ ಸರಿಯಿತು.

ಎಂಟಾಣೆ ತೆಗೆದು ಚಾಚಿದೆ. ನಿಂಗಯ್ಯ ಕೈ ಹಿಂದಕ್ಕೆ ಎಳೆದುಕೊಂಡ.

"ಸಿಕ್ರೆ ಅಂದಿದ್ರಲ್ಲ ಸ್ವಾಮಿ. ನಿಮ್ಗೆ ಸಿಕ್ಕಿದ್ದು ನೀರಾಗೈತಲ್ಲ."

"ಈ ಮಡಕೆ ಮೀನಿಗೆ?"

"ಬಾಣಂತಿಗೆ ಅಂದ್ರಲ್ಲ, ಓಗಿ. ಮಡಕೆ ಮಾತ್ರ ವಾಪ್ಸು ತಂದ್ಕೊಡಿ."

ಕೇಳಿದ್ದಕ್ಕಿಂತ ಕಡಿಮೆ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಇಂಥವರ ಹತ್ತಿರ ಏನು ಗೆಲ್ಲಲು ಸಾಧ್ಯ?

ಮನೆಯಲ್ಲಿ ನನ್ನಾಕೆ ಮಡಕೆಯೊಳಗೆ ಇಣುಕಿ, ಒದ್ದೆ ಪಂಚೆ ನೋಡಿ, ಒಂಟಿ ಚಪ್ಪಲಿ ನೋಡಿ, "ಇದ್ಕಾ ಇಷ್ಟು ರಾದ್ಧಾಂತ?" ಅಂದಳು. ಆದರೆ ಮೀನು ಮಿಸುಕಿತು. ಅವಳು ಮಸಾಲೆ ಅರೆಯಲು ಕೂತಳು.

ಸರೋಜ ತಿಂದಳು. ಒಂದು ಮುದ್ದೆ ಪೂರ್ತಿ, ಮೇಲೆ ಅನ್ನ. ಸಾರಿನ ಬಟ್ಟಲು ಬಳಿದಳು. ಮಾರನೆಯ ದಿನ ಬರೀ ಮೆಣಸಿನ ಸಾರನ್ನೂ ತಿಂದಳು. ಮೂರನೇ ದಿನಕ್ಕೆ ಕೂಸು ಹೊಟ್ಟೆ ತುಂಬಿ ನಿದ್ದೆ ಹೋಯಿತು. ಮೀನಿನಿಂದ ಬಾಯಿರುಚಿ ಬಂತೋ, ರುಚಿಯಿಂದ ಹಾಲು ಬಂತೋ ನಾನು ವಾದ ಮಾಡುವುದಿಲ್ಲ. ನರ್ಸಮ್ಮ ಬಂದು ತೂಕ ನೋಡಿ, ಡಬ್ಬಿ ಹಾಲಿನ ಮಾತೆತ್ತದೆ ಹೋದರು. ನನಗೆ ಅಷ್ಟು ಸಾಕು.

ಆ ಸಂಜೆ ಬಾಗಿಲ ಬಳಿ ಕೂತು ಸರೋಜಳಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಎಂದು ಚಪ್ಪಲಿಯ ಕಥೆಯನ್ನು ಸ್ವಲ್ಪ ಉದ್ದ ಮಾಡಿ ಹೇಳಿದೆ. ನಕ್ಕಳು ಕೂಡ. ಆಮೇಲೆ ಕೇಳಿದಳು:

"ಮರಿ ಎಷ್ಟು ಉಳಿದ್ವು ಅಪ್ಪಾ?"

"ತಟ್ಟೆಯಷ್ಟಗಲ ಇತ್ತಮ್ಮ."

"ಮೊದಲು?"

"ಮೊರದಷ್ಟಗಲ."

ಅವಳು ಕೂಸನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. ನಾನು ಎದ್ದು ಜಗಲಿಗೆ ಬಂದೆ.

ಮೊರದಲ್ಲಿ ತಟ್ಟೆ ಕಳೆದರೆ ಉಳಿಯುವುದು ನನ್ನ ಚೌಕಾಸಿ. ಈ ಬೆಲೆಯನ್ನು ಎಷ್ಟು ಸಲ ಲೆಕ್ಕ ಹಾಕಿದರೂ ಇಳಿಸಲು ಆಗುತ್ತಿಲ್ಲ.

ಆದ್ದರಿಂದ ಗಾಳ ಹಿಡಿದು ಕೆರೆಗೆ ಹೋಗುವವರಿಗೆ ಹೇಳುತ್ತೇನೆ. ಕೋಲು ಜೋಡಿಸುವ ಮೊದಲು ಹತ್ತು ನಿಮಿಷ ಸುಮ್ಮನೆ ನೀರು ನೋಡಿ. ದಡದಲ್ಲಿ ಚಪ್ಪಲಿ ಬಿಚ್ಚಿಟ್ಟು ಇಳಿಯಿರಿ. ಆ ಕೆರೆಯ ಬೆಸ್ತರು ಇಂಥದ್ದಕ್ಕೆ ಗಾಳ ಹಾಕಲ್ಲ ಎಂದರೆ ಯಾಕೆ ಎಂದು ಕೂತು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದು ಬರಬೇಡಿ. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಕಂಡರೆ ಸದ್ದಿಲ್ಲದೆ ಐವತ್ತು ಗಜ ಆಚೆ ಹೋಗಿ ಕೂತುಕೊಳ್ಳಿ. ಒಳ್ಳೇ ಜಾಗ ಯಾಕೆ ಬಿಟ್ಟಿರಿ ಎಂದು ಹಿಂದೆ ನಿಂತವರು ಕೇಳಿಯೇ ಕೇಳುತ್ತಾರೆ.

ಅಲ್ಲಿ ಬಾಣಂತನ ನಡೀತಿದೆ ಅನ್ನಿ.